ಫ್ಲೆಕ್ಸ್ ಹಿಡಿದು ನಿಂತ ಕ್ಯೂಬು

ನಾನು ಓದಿದ ಕಾಲೇಜಿನ ಸಿವಿಲ್ ವಿಭಾಗದಿಂದ ಫೋನ್ ಬಂತು. ಎಚ್‌ಓಡಿ ಸಾರೇ ಮಾತಾಡಿದರು. "ಕೋರ್ಸಿಗೆ ಮಾನ್ಯತೆ ಕೊಡೋ ಎನ್‌ಬಿಎ ಟೀಮ್ ಬರ್ತಿದೆ ಕಣಪ್ಪ, ಒಂದ್ಸಲ ಬಂದು ಹೋಗು. ನೀನು ನಮ್ಮ ಸಲಹಾ ಮಂಡಳಿಯಲ್ಲಿ ಇದ್ದೀಯಲ್ಲ."

ಇದ್ದೀನಾ? ಹೋದ ಮೇಲೆ ಗೊತ್ತಾಯಿತು, ಮೂರು ವರ್ಷದಿಂದ ಇದ್ದೇನೆ. ಆರು ಮೀಟಿಂಗಿಗೆ ಬಂದು ಕಾಫಿ ಕುಡಿದು ಸಲಹೆಯನ್ನೂ ಕೊಟ್ಟಿದ್ದೇನೆ. ಸಹಿ ಒಂದು ಬಾಕಿ. ಗುಮಾಸ್ತರು ಮೂರು ಪೆನ್ನು ಮುಂದಿಟ್ಟರು. "ವರ್ಷಕ್ಕೊಂದು ಪೆನ್ನು ಸಾರ್. ಎಲ್ಲ ಒಂದೇ ಶಾಯಿ ಆದ್ರೆ ಅನುಮಾನ ಬರುತ್ತೆ." ಎರಡನೇ ಮೀಟಿಂಗಿನಲ್ಲಿ ನಾನು, ಮಕ್ಕಳನ್ನು ಸೈಟಿಗೆ ಕರೆದುಕೊಂಡು ಹೋಗಿ ಅಂದಿದ್ದೆನಂತೆ. ಒಳ್ಳೆ ಮಾತು. ನಿಜವಾಗಿ ಬಂದಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಹೊರಗೆ ಬಾಗಿಲ ಪಕ್ಕ ಆಳೆತ್ತರದ ಫ್ಲೆಕ್ಸ್. 'ಅಧ್ಯಾಪಕರ ಸಾಧನೆ' ಅಂತ ಮೇಲೆ. ಕೆಳಗೆ ಮೊದಲ ಸಾಲೇ 'ಪೇಟೆಂಟ್: 24'. ವಿಭಾಗದಲ್ಲಿ ಇರುವವರೇ ಎಂಟು ಜನ. ತಲೆಗೆ ಮೂರಾ! ಮೈ ಜುಮ್ಮೆಂದಿತು. ವಿಚಾರಿಸಿದರೆ ಪೇಟೆಂಟ್ ಇರುವುದೇ ಮೂರು, ಪ್ರತಿಯೊಂದರಲ್ಲೂ ಎಂಟು ಹೆಸರು. ಎಂಟು ಜನ ಒಟ್ಟಿಗೆ ಒಂದು ಮದುವೆಗೆ ಹೋಗಿ ಬಂದರೆ ಊರಲ್ಲಿ ಎಂಟು ಮದುವೆ ಆಯಿತು ಅಂತ ಲೆಕ್ಕ.

ಆ ಮೂರರಲ್ಲೂ ಎರಡು ಬರೀ 'ಪ್ರಕಟ' ಆಗಿವೆ. ಅರ್ಜಿ ಹಾಕಿ 18 ತಿಂಗಳು ಸುಮ್ನೆ ಕೂತರೆ ಸಾಮಾನ್ಯವಾಗಿ ಯಾರ ಅರ್ಜಿಯಾದರೂ ಪ್ರಕಟವಾಗುತ್ತದೆ. ಅವಸರ ಇದ್ದವರಿಗೆ ಶುಲ್ಕ ಕಟ್ಟಿ ಬೇಗ ಮಾಡಿಸಿಕೊಳ್ಳುವ ದಾರಿಯೂ ಇದೆ. ಪರೀಕ್ಷೆ, ಮಂಜೂರಾತಿ ಎಲ್ಲ ಆಮೇಲಿನ ಮಾತು. ಲಗ್ನಪತ್ರಿಕೆ ಅಚ್ಚಾದ ದಿನವೇ ತೊಟ್ಟಿಲು ಕಟ್ಟಿದ ಹಾಗೆ. ಮೂರನೆಯದು 'ಅಂತಾರಾಷ್ಟ್ರೀಯ'. ಅಂದರೆ ಬ್ರಿಟನ್ನಿನ ಡಿಸೈನ್ ನೋಂದಣಿ. ಇದು ಹೊಸದೋ ಹಳೆಯದೋ ಅಂತ ಅಲ್ಲಿನ ಕಚೇರಿ ಹುಡುಕಲು ಹೋಗುವುದಿಲ್ಲ, ಆಕಾರವನ್ನು ದಾಖಲು ಮಾಡಿಕೊಳ್ಳುತ್ತದೆ ಅಷ್ಟೇ. ಚಿತ್ರ ನೋಡಿದೆ. ಕೃತಕ ಬುದ್ಧಿಮತ್ತೆಯಿಂದ ಕಾಂಕ್ರೀಟಿನ ತೇವ ಅಳೆಯುವ ಯಂತ್ರ. ನಮ್ಮ ಮನೆಯ ರೈಸ್ ಕುಕ್ಕರಿಗೆ ಆಂಟೆನಾ ಇಟ್ಟರೆ ಹೀಗೇ ಕಾಣುತ್ತದೆ.

ಪಕ್ಕದ ಗೋಡೆಯಲ್ಲಿ ವಿಶ್ವೇಶ್ವರಯ್ಯನವರ ಫೋಟೋ. ಸೆಪ್ಟೆಂಬರ್ 15ರ ಹಾರ ಒಣಗಿ ಹಾಗೇ ನೇತಾಡುತ್ತಿತ್ತು. ಅವರದೂ ಒಂದು ಪೇಟೆಂಟ್ ಇತ್ತು, ನೀರು ಏರಿದರೆ ತಾನೇ ತೆರೆದುಕೊಳ್ಳುವ ಗೇಟು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ಹಾಕಿದರು. ಗೇಟು ತೆರೆಯುತ್ತಿತ್ತು ಬೇರೆ! ಪಾಪ, ಜೊತೆಗೆ ಏಳು ಹೆಸರು ಸೇರಿಸಿಕೊಳ್ಳುವುದು ಅವರಿಗೆ ಹೊಳೆಯಲಿಲ್ಲ.

ವಿದ್ಯಾರ್ಥಿಗಳ ಬೆಳವಣಿಗೆಗೆ ಬೇರೆ ಫ್ಲೆಕ್ಸ್. ಅದರ ತುಂಬ ಸಿಓ, ಪಿಓ ಅಂತ, ಅಂದರೆ ಪಾಠದ ಫಲ, ಕೋರ್ಸಿನ ಫಲ ಅಂತ ಕೋಷ್ಟಕ. ಯಾವ ಪಾಠದಿಂದ ಯಾವ ಗುಣ ಎಷ್ಟು ಬೆಳೆಯಿತು ಅಂತ 1, 2, 3 ಹಾಕಿ ಎಕ್ಸೆಲ್ಲಿನಲ್ಲಿ ಸರಾಸರಿ ತೆಗೆಯುತ್ತಾರೆ. ಹೋದ ವರ್ಷ 2.14 ಇದ್ದ ಮಕ್ಕಳು ಈ ವರ್ಷ 2.21 ಆಗಿದ್ದಾರೆ. ತಿದ್ದಿದ ಮೇಡಂ ನಿಟ್ಟುಸಿರು ಬಿಟ್ಟರು. "ಜಾಸ್ತಿ ಬೆಳೆಸಂಗಿಲ್ಲ, ಮುಂದಿನ ವರ್ಷವೂ ಬೆಳೀಬೇಕಲ್ವಾ?"

ಫ್ಲೆಕ್ಸಿನಲ್ಲಿ ಫೋಟೋ ಇದ್ದ ಹುಡುಗ ಅಲ್ಲೇ ಸಿಕ್ಕಿದ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. "ಟೆಸ್ಟಿಂಗ್ ಅಂದ್ರು ಅಣ್ಣ. ನಾನು ಕಾಂಕ್ರೀಟ್ ಕ್ಯೂಬ್ ಟೆಸ್ಟಿಂಗ್ ಅನ್ಕೊಂಡೆ," ಅಂತ ನಕ್ಕ.

ಅಷ್ಟರಲ್ಲಿ ಗಾಳಿ ಬೀಸಿತು. 'ಸಾಧನೆ' ಮುಗ್ಗರಿಸಿತು. ಹುಡುಗ ಓಡಿ ಹೋಗಿ ಅದರ ಕಾಲಿಗೆ ಒಂದು ಕಾಂಕ್ರೀಟ್ ಕ್ಯೂಬು ಒತ್ತರಿಸಿಟ್ಟ. 150 ಮಿಲಿಮೀಟರಿನ ಕ್ಯೂಬು, ಎಂಟು ಕಿಲೋ ತೂಗುತ್ತದೆ, ಅಲುಗಾಡಲಿಲ್ಲ. ಬಗ್ಗಿ ನೋಡಿದೆ. ಮೇಲೆ ಮಾರ್ಕರಿನಲ್ಲಿ ಎಂ20 ಅಂತ ಕಾಂಕ್ರೀಟಿನ ದರ್ಜೆ, ಅವರ ಬ್ಯಾಚಿನ ನಂಬರು, ಎರಕ ಹೊಯ್ದ ತಾರೀಕು. 28ನೇ ದಿನ ಮೆಷಿನ್ನಿನಲ್ಲಿ ಒತ್ತಿ ಒಡೆದು ಬಲ ನೋಡಬೇಕು. ಆ 28 ದಿನ ಮುಗಿದು ಬಹಳ ಕಾಲವಾಗಿತ್ತು. ಮೂಲೆ ಒಂದೂ ಮುಕ್ಕಾಗಿರಲಿಲ್ಲ.

"ಇದನ್ನ ಒಡೆದೇ ಇಲ್ವಲ್ಲೋ?"

"ಮೆಷಿನ್ ಕೆಟ್ಟಿತ್ತಣ್ಣ."

"ಮತ್ತೆ ರೆಕಾರ್ಡು?"

ಬ್ಯಾಗಿನಿಂದ ತೆಗೆದು ತೋರಿಸಿದ. ನೀಟಾದ ಅಕ್ಷರ, ಕೆಂಪು ಶಾಯಿಯಲ್ಲಿ ಮೇಷ್ಟ್ರ ಸಹಿ. 28 ದಿನದ ಬಲ 26.6. ಎಂ20 ಕಾಂಕ್ರೀಟಿನ ಮಿಕ್ಸ್ ಮಾಡುವಾಗ ಪುಸ್ತಕ ನೋಡಿ ಇಟ್ಟುಕೊಳ್ಳುವ ಗುರಿಯೂ 26.6. ಒಂದು ಪಾಯಿಂಟ್ ಆಚೆಯಿಲ್ಲ, ಈಚೆಯಿಲ್ಲ.

"ಎಲ್ಲರದ್ದೂ ಅಷ್ಟೇ ಬಂದಿದೆ ಅಣ್ಣ," ಅಂದ.