ಮಿಚೀ ಟ್ಯಾವರ್ನ್ ನಕಲು ಕಟ್ಟಡವಲ್ಲ: ಸ್ಪಷ್ಟನೆ

ಅಮೆರಿಕದ ವರ್ಜೀನಿಯಾ ರಾಜ್ಯದ ಮಿಚೀ ಟ್ಯಾವರ್ನ್ ಎಂಬ ಹಳೆಯ ತಂಗುಮನೆ ಮೂಲ ಜಾಗದಲ್ಲಿಲ್ಲ, ಆದ್ದರಿಂದ ಅದಕ್ಕೆ ಪಾರಂಪರಿಕ ಮೌಲ್ಯವಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ಮೊದಲರ್ಧ ಮಾತ್ರ ನಿಜ. ವಿಲಿಯಂ ಮಿಚೀ 1784ರಲ್ಲಿ ದಾರಿಹೋಕರ ಊಟ, ವಸತಿಗಾಗಿ ತೆರೆದ ಈ ಹಳ್ಳಿಯ ತಂಗುಮನೆಯನ್ನು ಜೋಸೆಫಿನ್ ಹೆಂಡರ್ಸನ್ ಕೊಂಡುಕೊಂಡು, 1927ರಲ್ಲಿ ಅದರ ಭಾಗಗಳಿಗೆ ಒಂದೊಂದಾಗಿ ಸಂಖ್ಯೆ ಹಾಕಿಸಿ, ಬಿಚ್ಚಿಸಿ, ಕುದುರೆಗಾಡಿ ಮತ್ತು ಲಾರಿಗಳಲ್ಲಿ ಸುಮಾರು 17 ಮೈಲಿ ದೂರದ ಮಾಂಟಿಚೆಲೊ ಬೆಟ್ಟದ (ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಮನೆಯಿರುವ ಬೆಟ್ಟ) ಬಳಿಗೆ ಸಾಗಿಸಿ ಮತ್ತೆ ಜೋಡಿಸಿದರು. ಹಳೆಯ ರಸ್ತೆಯಂಚಿನ ಪರಿಸರ ಕೈತಪ್ಪಿದ್ದು ನಷ್ಟವೇ ಸರಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಜಾಗ ಬದಲಿಸಿದ ಕಟ್ಟಡಗಳನ್ನು ಅಲ್ಲಿನ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸಾಮಾನ್ಯವಾಗಿ ಸೇರಿಸುವುದಿಲ್ಲ. ಆದರೆ ಇಲ್ಲಿ ಆ ಸ್ಥಳಾಂತರವನ್ನೇ ಐತಿಹಾಸಿಕ ಘಟನೆಯೆಂದು ಪರಿಗಣಿಸಿ ಕಟ್ಟಡಕ್ಕೆ ವರ್ಜೀನಿಯಾ ರಾಜ್ಯದ ಪಾರಂಪರಿಕ ಮಾನ್ಯತೆ ನೀಡಲಾಗಿದೆ.