ಮೆದುಳಿಗೊಂದು ಮೊಮೆಂಟೋ

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನಾನು ನರವಿಜ್ಞಾನಿಯಾದೆ. ಮೊಬೈಲ್ ತೆರೆದರೆ ಮೇಲ್ ಬಂದು ಕೂತಿತ್ತು. 'ಡಿಯರ್ ಎಮಿನೆಂಟ್ ರಿಸರ್ಚರ್' ಎಂದು ಶುರು. ನರಶಾಸ್ತ್ರ ಮತ್ತು ಅರಿವಿನ ವಿಜ್ಞಾನಕ್ಕೆ ತಾವು ಸಲ್ಲಿಸಿದ ಅಮೋಘ ಸೇವೆಯನ್ನು ನಮ್ಮ ತೀರ್ಪುಗಾರರು ಕೂಲಂಕಷವಾಗಿ ಪರಿಶೀಲಿಸಿ ತಮ್ಮನ್ನು ಅಂತಾರಾಷ್ಟ್ರೀಯ ಪ್ರಶಸ್ತಿಗೆ ಆರಿಸಿದ್ದಾರೆ ಎಂಬುದು ಸಾರಾಂಶ.

ನಾನು ಕನ್ನಡ ಮೇಷ್ಟ್ರು. ನರಗಳಿಗೂ ನನಗೂ ಇರುವ ನಂಟು ಹೋದ ವರ್ಷ ಸೊಂಟದಿಂದ ಕಾಲಿಗಿಳಿದ ಸಯಾಟಿಕಾ ಒಂದೇ. ಅದರಲ್ಲೂ ನನ್ನ ಕೊಡುಗೆ ಏನೂ ಇಲ್ಲ, ಎಲ್ಲಾ ಅದರದೇ.

ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಹನ್ನೊಂದು ದಿನದ ಹಿಂದೆ 'ಜನಪದ ಕತೆಗಳಲ್ಲಿ ಮರೆವು' ಎಂಬ ನನ್ನ ಪ್ರಬಂಧ ಒಂದು ಪತ್ರಿಕೆಯ ಜಾಲತಾಣಕ್ಕೆ ಏರಿತ್ತು. ಸಾರಾಂಶ ಇಂಗ್ಲಿಷಿನಲ್ಲೇ ಇರಬೇಕೆಂದು ಹಟ ಹಿಡಿದಿದ್ದರಿಂದ 'ಮೆಮೊರಿ' ಎಂಬ ಪದ ಆರು ಸಲ ನುಸುಳಿತ್ತು. ಕೂಲಂಕಷ ಪರಿಶೀಲನೆ ಎಂದರೆ ಅದು.

ಪ್ರಬಂಧದಲ್ಲಿದ್ದದ್ದು ನಿಮಗೆಲ್ಲ ಗೊತ್ತಿರುವ ಅಳಿಯನ ಕತೆ. ಅತ್ತೆ ಮನೆಯಲ್ಲಿ ಕಡುಬು ತಿಂದವನು, ಹೆಸರು ಮರೆಯದ ಹಾಗೆ ದಾರಿಯುದ್ದಕ್ಕೂ 'ಕಡುಬು ಕಡುಬು' ಎಂದು ಜಪಿಸುತ್ತ ಬಂದ. ನಡುವೆ ಒಂದು ಕಾಲುವೆ. 'ಹುಪ್ಪಾ' ಎಂದು ಹಾರಿದ. ಆಚೆ ದಡ ಮುಟ್ಟುವಷ್ಟರಲ್ಲಿ ಕಡುಬು ನೀರುಪಾಲು, ಬಾಯಲ್ಲಿ ಉಳಿದದ್ದು ಹುಪ್ಪಾ. ಮನೆಗೆ ಬಂದು ಹೆಂಡತಿಯ ಹತ್ತಿರ ಹುಪ್ಪಾ ಮಾಡು ಎಂದು ಕೂತ.

ಪ್ರಶಸ್ತಿ ಬಂದ ಮೇಲಾದರೂ ವಿಷಯ ತಿಳಿದಿರಲಿ ಎಂದು ಒಂದಿಷ್ಟು ಓದಿದೆ. ಓದಿದರೆ, ನಮ್ಮ ಅಳಿಯನ ತಮ್ಮನಂಥವನೊಬ್ಬ ಅಮೆರಿಕದಲ್ಲಿದ್ದ! ಹೆನ್ರಿ ಮೊಲೈಸನ್ ಎಂದು ಹೆಸರು. ಮೂರ್ಛೆರೋಗ ನಿಲ್ಲಲೆಂದು 1953ರಲ್ಲಿ ಅವನ ಮೆದುಳಿನ ಎರಡೂ ಬದಿಯಿಂದ ಹೊಸ ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ತುಂಡು ತೆಗೆದರು. ಮೂರ್ಛೆ ಕಡಿಮೆಯಾಯಿತು, ಜೊತೆಗೆ ಹೊಸದಾಗಿ ನೆನಪಿಟ್ಟುಕೊಳ್ಳುವುದೂ ನಿಂತಿತು. ಮಾಂಟ್ರಿಯಲ್‌ನಿಂದ ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವನನ್ನು ಪರೀಕ್ಷಿಸಲು ಬರುತ್ತಿದ್ದರು. ಒಮ್ಮೆ 584 ಎಂಬ ಸಂಖ್ಯೆ ಕೊಟ್ಟು ನೆನಪಿಟ್ಟುಕೋ ಎಂದರು. ಅವನು ಕೂಡಿಸಿ, ಭಾಗಿಸಿ, ಒಳಗೇ ಜಪಿಸುತ್ತ ಕಾಲು ಗಂಟೆ ಹಿಡಿದಿಟ್ಟ. ಗಮನ ಆಚೆ ಹೊರಳಿದ್ದೇ ತಡ, ಸಂಖ್ಯೆಯಷ್ಟೇ ಅಲ್ಲ, ಸಂಖ್ಯೆಯೊಂದನ್ನು ಕೊಟ್ಟಿದ್ದರೆಂಬುದೂ ಹೋಯಿತು. ಥೇಟ್ ಹುಪ್ಪಾ.

ನೆನಪು ಮೆದುಳಿನ ಎಲ್ಲ ಕಡೆ ಹರಡಿಕೊಂಡ ಒಂದೇ ಮುದ್ದೆಯಲ್ಲ, ಅದಕ್ಕೆ ಬೇರೆ ಬೇರೆ ಕೋಣೆಗಳಿವೆ ಎಂಬುದು ಜಗತ್ತಿಗೆ ಮನದಟ್ಟಾದದ್ದು ಈ ಹೆಂಗಸು ದಶಕಗಟ್ಟಲೆ ಹೀಗೆ ಕೂತು ಪರೀಕ್ಷಿಸಿದ್ದರಿಂದ. ಶಸ್ತ್ರವೈದ್ಯ ಸ್ಕೋವಿಲ್ ಜೊತೆ ಬರೆದ ಪ್ರಬಂಧ ಅಚ್ಚಾದದ್ದು 1957ರಲ್ಲಿ. ನರವಿಜ್ಞಾನದ ದೊಡ್ಡ ಪ್ರಶಸ್ತಿಗಳಲ್ಲೊಂದಾದ ಕಾವ್ಲಿ ಬಂದದ್ದು 2014ರಲ್ಲಿ, 95 ತುಂಬಿದ ಮೇಲೆ. ಅವರಿಗೆ 57 ವರ್ಷ ಹಿಡಿಯಿತು, ನನಗೆ 11 ದಿನ. ಪಾಪ, ಇಂಗ್ಲಿಷ್ ಸಾರಾಂಶ ಸರಿಯಾಗಿ ಬರೆದಿರಲಿಕ್ಕಿಲ್ಲ.

ನನಗೆ ಬಂದ ಇ-ಮೇಲ್‌ನ ಕೊನೆಗೆ ದರಪಟ್ಟಿ ಇತ್ತು. 'ಬೆಸ್ಟ್ ರಿಸರ್ಚರ್' 299 ಡಾಲರ್. 'ಯಂಗ್ ಸೈಂಟಿಸ್ಟ್' ಸ್ವಲ್ಪ ಅಗ್ಗ. 'ಜೀವಮಾನ ಸಾಧನೆ' ತುಟ್ಟಿ, ಆದರೆ ಅದಕ್ಕೆ ಮೊಮೆಂಟೋ, ಪದಕ, ಲ್ಯಾಮಿನೇಷನ್ ಮಾಡಿದ ಸರ್ಟಿಫಿಕೇಟ್ ಉಂಟು. ಸಮಾರಂಭಕ್ಕೆ ಖುದ್ದು ಬರಬೇಕಿಲ್ಲ, ಕೊರಿಯರ್ ಖರ್ಚು ಪ್ರತ್ಯೇಕ. ಇಬ್ಬರು ಸಹಲೇಖಕರನ್ನು ಸೇರಿಸಿದರೆ ರಿಯಾಯಿತಿ. ಹೋಟೆಲಿನಲ್ಲಿ ಮೀಲ್ಸ್, ಮಿನಿ ಮೀಲ್ಸ್ ಬರೆದ ಹಾಗೆ ಅಚ್ಚುಕಟ್ಟು. ನಮ್ಮೂರ ಸನ್ಮಾನವೇ ವಾಸಿ. ಅಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಕೊಡುವವರೇ ದುಡ್ಡು ಹಾಕುತ್ತಾರೆ, ಮೈಸೂರು ಪೇಟವನ್ನು ಫೋಟೋ ಆದ ಮೇಲೆ ವಾಪಸು ಪಡೆದರೂ.

ಇದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಬೇಡಿ. ನನ್ನ ಪಕ್ಕದ ಸ್ಟಾಫ್ ರೂಮಿನಲ್ಲೇ ಕೊಂಡವರಿದ್ದಾರೆ. ತಪ್ಪೂ ಅವರದಲ್ಲ. ಕಾಲೇಜಿಗೆ ಅಂಕ ಕೊಡುವ ಕಮಿಟಿ ಬರುತ್ತದೆ ಎಂದರೆ ಆಫೀಸಿನಿಂದ ಒಂದು ಫಾರಂ ಬರುತ್ತದೆ. ಅದರಲ್ಲಿ 'ಪಡೆದ ಅಂತಾರಾಷ್ಟ್ರೀಯ ಪ್ರಶಸ್ತಿಗಳು' ಎಂಬ ಕಾಲಂ. ಖಾಲಿ ಬಿಟ್ಟರೆ ಪ್ರಿನ್ಸಿಪಾಲರ ಹುಬ್ಬು ಏರುತ್ತದೆ, ತುಂಬಿದರೆ ಅಂಕ ಏರುತ್ತದೆ. ಹಾಗಾಗಿ ನಮ್ಮ ಸಹೋದ್ಯೋಗಿಯೊಬ್ಬರು ಪ್ರಾವಿಡೆಂಟ್ ಫಂಡಿನಿಂದ ಮುಂಗಡ ತೆಗೆದು ವಿಜ್ಞಾನಿಯಾದರು. ಗೇಟಿನ ಮುಂದೆ ಅವರ ಫ್ಲೆಕ್ಸ್ ನಿಂತಿತು, ಹಿನ್ನೆಲೆಯಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಮಿಂಚುವ ನೀಲಿ ಮೆದುಳು. ಅವರು ಪಾಠ ಮಾಡುವುದು ಕಾಮರ್ಸ್.

ದುಡ್ಡಿಲ್ಲದೆ ಬಂದ ಪ್ರಶಸ್ತಿಯೊಂದು ನಮ್ಮ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ನಾಲ್ಕು ಶಾಲೆಗಳ 200 ಹದಿಹರೆಯದವರನ್ನು ಮೂಗಿಗೆ ಬೆರಳು ಹಾಕುತ್ತೀರಾ ಎಂದು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಹೌದೆಂದರು. ದಿನಕ್ಕೆ ನಾಲ್ಕು ಸಲ ಎಂಬುದು ನಡುವಿನ ಲೆಕ್ಕ. 20 ಸಲಕ್ಕಿಂತ ಹೆಚ್ಚು ಹಾಕುವವರು 7.6 ಶೇಕಡಾ. ಇದಕ್ಕೆ 2001ರ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವಂಥದ್ದು. ನನಗೆ ಬಂದ ಪ್ರಶಸ್ತಿಯ ಕ್ರಮ ತಿರುವುಮುರುವು: ಅದನ್ನು ಮಾರುವವರು ಮೊದಲು ಯೋಚಿಸಿದ್ದಾರೆ, ನಗುವುದು ಕೊನೆಗೆ, ಅದೂ ಬ್ಯಾಂಕಿಗೆ ಹೋಗುವ ದಾರಿಯಲ್ಲಿ.

ಅವರು ಯೋಚಿಸಿದ್ದು ಹೇಗೆಂದು ತಿಳಿಯಬೇಕಾದರೆ 2012ರ ಇಗ್ ನೊಬೆಲ್ ನೋಡಬೇಕು. ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಮೆದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರಿಗೆ ಏನನ್ನಿಸುತ್ತಿದೆ ಹೇಳು ಎಂದು ಕೇಳಿದರು. ಮೀನಿನ ಮೆದುಳಿನಲ್ಲಿ 'ಚಟುವಟಿಕೆ' ಕಂಡಿತು! ಕಾರಣ ಸರಳ. ಸ್ಕ್ಯಾನಿನ ಚಿತ್ರದಲ್ಲಿ ಮೆದುಳನ್ನು ಸಾವಿರಾರು ಸಣ್ಣ ಚೌಕಗಳಾಗಿ ಮಾಡಿ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸುತ್ತಾರೆ. ಅಷ್ಟು ಸಲ ಕಲ್ಲು ಹೊಡೆದರೆ ಒಂದಾದರೂ ಮಾವಿನಕಾಯಿ ಬಿದ್ದೇ ಬೀಳುತ್ತದೆ. ಅದಕ್ಕೆ ತಕ್ಕ ತಿದ್ದುಪಡಿ ಮಾಡಿದ ಮೇಲೆ ಮೀನು ಮತ್ತೆ ಸತ್ತಿತು. ಸಹೋದ್ಯೋಗಿಗಳು ಆ ತಿದ್ದುಪಡಿ ಮರೆಯಬಾರದೆಂದೇ ಅವರು ಮೀನನ್ನು ಮಲಗಿಸಿದ್ದು.

ಪ್ರಶಸ್ತಿಯವರದೂ ಅದೇ ವಿದ್ಯೆ, ತಿದ್ದುಪಡಿಯೊಂದು ಇಲ್ಲ. ಸಾವಿರಾರು ಮೇಷ್ಟ್ರುಗಳಿಗೆ ಮೇಲ್ ಎಸೆಯುವುದು, ಯಾವ ತಲೆಯಲ್ಲಿ ದೀಪ ಹತ್ತುತ್ತದೋ ನೋಡುವುದು.

ಪರೀಕ್ಷೆ ಮಾಡೋಣ ಎಂದು ನಾನೂ ಒಂದು ನಾಮನಿರ್ದೇಶನ ಕಳಿಸಿದೆ. ಹೆಸರು: ಡಾ. ಬಂಗುಡೆ. ಊರು: ಮಲ್ಪೆ. ಅನುಭವ: ಆಳವಾದದ್ದು. ಸದ್ಯದ ವಿಳಾಸ: ಐಸ್ ಪೆಟ್ಟಿಗೆ. ಸಂಶೋಧನೆ: ಇಲ್ಲ, ಆದರೆ ಮೆದುಳು ಇದೆ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು. 'ಡಿಯರ್ ಎಮಿನೆಂಟ್ ಡಾ. ಬಂಗುಡೆ, ಅಭಿನಂದನೆಗಳು. ತಮ್ಮ ಅಮೋಘ ಸೇವೆಯನ್ನು ತೀರ್ಪುಗಾರರು ಕೂಲಂಕಷವಾಗಿ...' ರಿಯಾಯಿತಿ ಇವತ್ತು ರಾತ್ರಿಯವರೆಗೆ ಮಾತ್ರ. ಸರ್ಟಿಫಿಕೇಟಿಗೆ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ಕೂಡಲೇ ಕಳಿಸಬೇಕಂತೆ.

ಮೊಬೈಲ್ ಹಿಡಿದು ಅಡುಗೆಮನೆಗೆ ಓಡಿದೆ. ತಟ್ಟೆಯಲ್ಲಿ ಐದು ಬಂಗುಡೆ, ಗೀರು ಹಾಕಿ ಆಗಿತ್ತು. ನಮ್ಮವಳು ಮೆಣಸು ಅರೆದ ಕೈಯಲ್ಲೇ ನನ್ನನ್ನೂ ತಟ್ಟೆಯನ್ನೂ ನೋಡಿದಳು.

"ಫೋಟೋ ತೆಗೆಯುದಾದ್ರೆ ಬೇಗ ತೆಗೀರಿ ಮಾರಾಯ್ರೆ, ಮಸಾಲೆ ಹಚ್ಚಲಿಕ್ಕುಂಟು."