ದಾರಿ ಮುಚ್ಚಿದರೆ ನಿಲ್ಲೋದು ಮಾತ್ರೆ, ಹೆರಾಯಿನ್ ಅಲ್ಲ

ಮಣಿಪುರದ ಬಗ್ಗೆ ಒಂದು ಟಿವಿ ಚರ್ಚೆ ನೋಡಿ ತಲೆ ಕೆಟ್ಟು ಕೂತಿದ್ದೇನೆ. "ಡ್ರಗ್ಸ್ ತಗೊಳ್ಳೋರಿಗೆ ಸರ್ಕಾರವೇ ಸಿರಿಂಜ್ ಹಂಚೋದಾ?" ಅಂತ ಒಬ್ಬ ಮಹಾಶಯರು ಕಿರುಚಿದರು. ಉಳಿದವರು ತಲೆಯಾಡಿಸಿದರು. ಇಷ್ಟು ವರ್ಷ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡು ಬಂದವಳು ನಾನು, ನಿಮಗೆ ಗೊತ್ತಲ್ಲ. ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ಲ.

ಮಣಿಪುರಕ್ಕೆ ಮ್ಯಾನ್ಮಾರ್ ಜೊತೆ ಸುಮಾರು 400 ಕಿ.ಮೀ. ಗಡಿ ಇದೆ. ಎಂಬತ್ತರ ದಶಕದಿಂದಲೇ ಅಲ್ಲಿಂದ ಹೆರಾಯಿನ್ ಬರುತ್ತಿದೆ. ಅಲ್ಲಿಯವರ ಬಾಯಲ್ಲಿ ಅದು 'ನಂಬರ್ ಫೋರ್'. 1990ರ ಹೊತ್ತಿಗೆ ಸೂಜಿ ಹಂಚಿಕೊಂಡವರಲ್ಲಿ ಎಚ್‌ಐವಿ ಸಿಕ್ಕಿತು. ಶುದ್ಧ ಸಿರಿಂಜ್ ಹಂಚೋದು ಅದಕ್ಕೇ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಚುಚ್ಚಿಕೊಳ್ಳದಿರಲಿ ಅಂತ. ಪಕ್ಕದ ಮಿಜೋರಾಂನಲ್ಲಿ ವಯಸ್ಕರ ಎಚ್‌ಐವಿ ಪ್ರಮಾಣ ಈಗಲೂ ಶೇ. 2.7ರ ಆಸುಪಾಸು. ದೇಶದ ಸರಾಸರಿ ಶೇ. 0.2.

ಸೂಜಿಯೊಂದೇ ಅಲ್ಲ. ಪುಡಿ ಕರಗಿಸೋ ಚಮಚ, ಸೋಸೋ ಹತ್ತಿ, ಬೆರೆಸೋ ನೀರು ಒಂದೇ ಆದರೂ ಸಾಕು, ಲಿವರ್‌ಗೆ ತಗಲೋ ಹೆಪಟೈಟಿಸ್ ಸಿ ವೈರಸ್ ಅಂಟಬಹುದು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಆಯಿತು. ಲಿವರ್ ಹಾಳಾಗೋವರೆಗೆ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. 2018ರಿಂದ ಇದಕ್ಕೆ ಉಚಿತ ಔಷಧಿ ಇದೆ, ಸಾಮಾನ್ಯವಾಗಿ 12 ವಾರದ ಕೋರ್ಸ್, ಬಹುತೇಕರು ವಾಸಿಯಾಗುತ್ತಾರೆ. ಆದರೆ ಆಸ್ಪತ್ರೆಗೆ ಹೋಗೋಕೆ ದಾರಿ ಇರಬೇಕಲ್ಲ!

2023ರ ಮೇ ತಿಂಗಳಲ್ಲಿ ಮಣಿಪುರದ ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಗಲಭೆ ಶುರುವಾದ ಮೇಲೆ ಕಣಿವೆಯ ಮೈತೇಯಿಗಳು ಬೆಟ್ಟಕ್ಕೆ ಹೋಗಲ್ಲ, ಬೆಟ್ಟದ ಕುಕಿಗಳು ಕಣಿವೆಗೆ ಇಳಿಯಲ್ಲ. ನಡುವೆ ಬಂದೂಕು ಹಿಡಿದ ಕಾವಲು. ಹೆರಾಯಿನ್ ಬಿಡಿಸೋಕೆ ಬ್ಯುಪ್ರಿನಾರ್ಫಿನ್ ಅಂತ ಮಾತ್ರೆ ಕೊಡ್ತಾರೆ. ಸಾಮಾನ್ಯವಾಗಿ ದಿನಾ ಕೇಂದ್ರಕ್ಕೆ ಹೋಗಿ, ನರ್ಸ್ ಎದುರೇ ನಾಲಿಗೆ ಕೆಳಗೆ ಇಟ್ಟು ಕರಗಿಸಬೇಕು. ಆ ಕೇಂದ್ರ ಗೆರೆಯಾಚೆ ಇದ್ದರೆ? ಮಾತ್ರೆ ತಪ್ಪಿದ ಒಂದೆರಡು ದಿನದಲ್ಲೇ ಮೂಗು ಸುರಿಯುತ್ತೆ, ಮೂಳೆ ಮೂಳೆ ನೋಯುತ್ತೆ, ಭೇದಿ, ನಿದ್ದೆ ಇಲ್ಲ. ಆಗ ಕೈಗೆ ಸಿಗೋದು ಇನ್ನೇನು? ಹೆರಾಯಿನ್‌ಗೆ ಮಾತ್ರ ಯಾವ ಕರ್ಫ್ಯೂನೂ ಇಲ್ಲ. ಅದೇ ವರ್ಷ ಮ್ಯಾನ್ಮಾರ್ ಅಫ್ಘಾನಿಸ್ತಾನವನ್ನೂ ಹಿಂದೆ ಹಾಕಿ, ಹೆರಾಯಿನ್ ತಯಾರಾಗೋ ಅಫೀಮು ಬೆಳೆಯೋದರಲ್ಲಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂತು.

"ಸಿರಿಂಜ್ ಕೊಟ್ಟರೆ ಚಟ ಜಾಸ್ತಿ ಆಗಲ್ವಾ?" ಅಂತ ಕೇಳ್ತೀರಿ. ಛತ್ರಿ ಹಂಚಿದ್ದಕ್ಕೆ ಮಳೆ ಬಂತು ಅಂದ ಹಾಗಾಯಿತು. ಮೂವತ್ತು ವರ್ಷ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ, ಹಾಗೆ ಆಗಿಲ್ಲ. ಮಣಿಪುರವೇ 1996ರಲ್ಲಿ ತನ್ನ ಏಡ್ಸ್ ನೀತಿಯಲ್ಲಿ ಈ ದಾರಿ ಹಿಡಿದಿತ್ತು. 2017ರ ಎಚ್‌ಐವಿ ಕಾನೂನಿನ ಪ್ರಕಾರ ಶುದ್ಧ ಸೂಜಿ ಕೊಡೋದು ಅಪರಾಧ ಅಲ್ಲ. ಚರ್ಚೆಗೆ ಕೂರೋರು ಇಷ್ಟಾದರೂ ಓದಿಕೊಂಡು ಬರಬಾರದಾ?

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂದರೆ, ನಮ್ಮ ಮನೆಯಲ್ಲೂ ಒಬ್ಬರು ಕುಡಿತದಲ್ಲೇ ಹೋದರು. ಇಡೀ ಬಳಗ ಸೇರಿ ಬೈದಿದ್ದೇ ಬೈದಿದ್ದು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವರು ಒಬ್ಬರೂ ಇಲ್ಲ. ಇರಲಿ, ಅದು ಬೇರೆ ಕತೆ.

2020ರ ಲಾಕ್‌ಡೌನ್‌ನಲ್ಲಿ ಇದೇ ಬ್ಯುಪ್ರಿನಾರ್ಫಿನ್ ಮಾತ್ರೆಯನ್ನು ಕೆಲವು ದಿನಕ್ಕಾಗುವಷ್ಟು ಮನೆಗೇ ಕೊಡೋಕೆ ಒಪ್ಪಿದ್ದರು. ಆಗ ವೈರಸ್ ಭಯಕ್ಕೆ ಆಗಿದ್ದು, ಗುಂಡಿನ ಭಯ ಇರೋ ಕಡೆ ಯಾಕೆ ಕಾಯಂ ಆಗಬಾರದು? ಬೆಟ್ಟದ ಕಡೆಗೊಂದು, ಕಣಿವೆ ಕಡೆಗೊಂದು ದಾಸ್ತಾನು ಮೊದಲೇ ಇಟ್ಟುಕೊಳ್ಳೋಕೆ ಏನು ಕಷ್ಟ? ಇದನ್ನು ಕೇಳೋಕೆ ಆ ಸ್ಟುಡಿಯೋದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.